ನಾರ್ಬ್ ಬಾಸ್ಟನ್‌ನವನನ್ನು ಇಟ್ಟುಕೊಂಡದ್ದು

ನಮ್ಮ ಬೀದಿಯಲ್ಲಿ ಹೊಟ್ಟೆಕಿಚ್ಚು ಇಲ್ಲದ ಮನುಷ್ಯ ಒಬ್ಬನೂ ಇಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಆದರೆ ನಾವೆಲ್ಲ ಅದನ್ನು ಹಬ್ಬಕ್ಕೆ ಹುಣ್ಣಿಮೆಗೆ ಹೊರಗೆ ತೆಗೆಯುವವರು. ಪಕ್ಕದ ಮನೆಯ ನಾರ್ಬರ್ಟ್ ಗುರಾಲ್ ಮಾತ್ರ ಅದಕ್ಕೆ ದಿನವೂ ಅನ್ನ ನೀರು ಹಾಕಿ ಸಾಕಿದವನು. ಅದೂ ಊರಿನ ಎಲ್ಲರ ಮೇಲೆ ಅಲ್ಲ. ಅಷ್ಟು ಚಿಲ್ಲರೆ ಮನುಷ್ಯ ಅವನಲ್ಲ. ಅವನ ಹೊಟ್ಟೆಕಿಚ್ಚೆಲ್ಲ ಏಕನಿಷ್ಠವಾಗಿ ಒಬ್ಬನ ಮೇಲೆ, ಷಡ್ಡಕ ಡೆಸ್ಮಂಡ್ ಫೀನಿಯ ಮೇಲೆ.

ನಾರ್ಬ್ ಮದುವೆಯಾದದ್ದು ಕ್ರುಪಾ ಮನೆಯ ದೊಡ್ಡ ಮಗಳು ಡೋರೀನಳನ್ನು. ಡೆಸ್ಮಂಡ್ ಆಮೇಲೆ ಬಂದು ಚಿಕ್ಕವಳು ಜೊಆನಳನ್ನು ಕಟ್ಟಿಕೊಂಡ. ನಾರ್ಬ್ ಇಲ್ಲೇ ಹುಟ್ಟಿ, ಇಲ್ಲೇ ಹಿಮ ಗೋರಿ, ಇಲ್ಲೇ ಮಕ್ಕಳಿಗೆ ಕಾರು ಓಡಿಸಲು ಕಲಿಸುವ ಮೇಷ್ಟ್ರಾದವನು. ಡೆಸ್ಮಂಡ್ ಬಾಸ್ಟನ್ ಕಡೆಯವನು, ಹಲ್ಲಿನ ಡಾಕ್ಟರು. ಅವನ ಮನೆಮುಂದಿನ ದಾರಿಯ ಕೆಳಗೆ ಬಿಸಿನೀರಿನ ಕೊಳವೆ ಹೂತಿದ್ದರಿಂದ ಹಿಮ ಬಿದ್ದಲ್ಲೇ ಕರಗುತ್ತಿತ್ತು. ಇದನ್ನಾದರೂ ನಾರ್ಬ್ ಸಹಿಸಿಯಾನು. ಸಹಿಸಲಾಗದ್ದು ಅತ್ತೆಯ ಹಲ್ಲು. ವಾಂಡಾ ಅತ್ತೆಯ ಬಾಯಲ್ಲಿದ್ದ ಎರಡು ಸಾಲು ಹಲ್ಲನ್ನೂ ಡೆಸ್ಮಂಡನೇ ಕಟ್ಟಿಕೊಟ್ಟಿದ್ದ. ಅಂದಮೇಲೆ ಆಕೆ ಯಾರನ್ನು ನೋಡಿ ನಕ್ಕರೂ, ನಾರ್ಬನನ್ನೇ ನೋಡಿ ನಕ್ಕರೂ, ಅದರ ಕೀರ್ತಿ ಡೆಸ್ಮಂಡನಿಗೆ!

ಇನ್ನು ಒಂದು ಕುರ್ಚಿಯ ವಿಷಯ. ಮಾವ ಚೆಸ್ಟರ್ ಕ್ರುಪಾ ಬದುಕಿದ್ದಾಗ ಮನೆಯವರು, ನೆರೆಯವರು ಸೇರಿ ಆಡುವ ಒಂದು ಫ್ಯಾಂಟಸಿ ಲೀಗ್ ಶುರುಮಾಡಿದ್ದ. ಗೊತ್ತಿಲ್ಲದವರಿಗೆ ಎರಡು ಮಾತು: ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡುವವರು, ಬಿದ್ದು ಮೂಳೆ ಮುರಿದುಕೊಳ್ಳುವವರು ಬೇರೆ. ನಾವು ಸೋಫಾದಲ್ಲಿ ಕೂತು ಅವರನ್ನು ನಮ್ಮನಮ್ಮಲ್ಲಿ ಹಂಚಿಕೊಳ್ಳುವವರು. ಆಗಸ್ಟ್ ಕೊನೆಗೆ ಡ್ರಾಫ್ಟ್ ಅಂತ ಒಂದು ದಿನ. ಅವತ್ತು ಒಬ್ಬೊಬ್ಬರೂ ಸರದಿಯ ಮೇಲೆ ಯಾವ ಊರಿನ ತಂಡದಿಂದಾದರೂ ಒಬ್ಬೊಬ್ಬ ಆಟಗಾರನನ್ನು ಆರಿಸಿ ತನ್ನವನು ಎನ್ನಬಹುದು. ಆಮೇಲೆ ಅವನು ಎಲ್ಲಿ ಎಷ್ಟು ಓಡಿದರೂ, ಕೊನೆಯ ಗೆರೆ ಎಷ್ಟು ಸಲ ದಾಟಿದರೂ, ಅಂಕ ಆರಿಸಿದವನಿಗೆ. ವಾರಕ್ಕೊಮ್ಮೆ ಇಬ್ಬಿಬ್ಬರ ಅಂಕ ತಾಳೆ ನೋಡಿ, ಹೆಚ್ಚಿದ್ದವನು ಗೆದ್ದಂತೆ. ವರ್ಷದ ಕೊನೆಗೆ ಗೆದ್ದವನಿಗೆ ಹಣವಿಲ್ಲ, ಟ್ರೋಫಿಯಿಲ್ಲ. ಚೆಸ್ಟರ್ ತೀರಿಕೊಂಡ ಮೇಲೆ ವಾಂಡಾ ಅತ್ತೆ ಒಂದು ನಿಯಮ ಮಾಡಿದಳು. ಗೆದ್ದವನು ವರ್ಷವಿಡೀ ಭಾನುವಾರದ ಊಟಕ್ಕೆ ಬಂದಾಗ ಚೆಸ್ಟರನ ಹಸಿರು ಕುರ್ಚಿಯಲ್ಲಿ ಕೂರಬೇಕು, ಪಿರೋಗಿ ಕಡುಬಿನ ಮೊದಲ ತಟ್ಟೆ ಅವನಿಗೇ.

ಮೂರು ವರ್ಷದಿಂದ ಅದರಲ್ಲಿ ಕೂತವನು ಡೆಸ್ಮಂಡ್. ಮೂರು ವರ್ಷದಿಂದ ಕೊನೆಯ ಸ್ಥಾನದಲ್ಲಿ ಇದ್ದವನು ನಾರ್ಬ್.

ಕಾರಣ ಸರಳ. ನಾರ್ಬ್ ಪಕ್ಕದ ನಗರ ಬಫಲೋದ ತಂಡದವರನ್ನು ಬಿಟ್ಟು ಇನ್ನೊಬ್ಬನನ್ನು ಮುಟ್ಟುತ್ತಿರಲಿಲ್ಲ. ನಮ್ಮೂರಲ್ಲಿ ಆ ತಂಡವನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, "ನಮ್ಮವರು" ಅಷ್ಟೆ. ನಮ್ಮವರಲ್ಲಿ ಒಳ್ಳೆಯವರು ಮುಗಿದ ಮೇಲೂ ನಾರ್ಬ್ ನಮ್ಮವರನ್ನೇ ಆರಿಸುತ್ತಿದ್ದ. ಮಂಡಿ ಊದಿದವನು, ಬೆಂಚು ಕಾಯುವವನು, ಇನ್ನೊಂದು ತಿಂಗಳಲ್ಲಿ ನಿವೃತ್ತನಾಗಿ ಮೀನು ಹಿಡಿಯಲು ಹೊರಟವನು, ಎಲ್ಲರೂ ನಾರ್ಬನ ಪಾಲಿಗೆ. "ಪರವೂರಿನವನು ನನಗೋಸ್ಕರ ಓಡ್ತಾನಾ?" ಎಂದು ಕೇಳುತ್ತಿದ್ದ. ನಮ್ಮವರು ಮಾತ್ರ ಅವನಿಗೋಸ್ಕರವೇ ಓಡುತ್ತಿದ್ದಾರೆ ಎಂಬಂತೆ. ನಾವೂ ಕಡಿಮೆ ಪಾಪಿಗಳಲ್ಲ. ಅವನ ಸರದಿ ಬಂದಾಗ ನಾನು ಕ್ಷೌರದ ಕಾರ್ಮೈನನ ಕಿವಿಯಲ್ಲಿ, ನಾರ್ಬನಿಗೆ ಕೇಳುವಷ್ಟು ಮೆಲ್ಲಗೆ, "ನಮ್ಮವರಲ್ಲಿ ಆ ಮೂರನೇ ಹುಡುಗ ಈ ಸಲ ಬೆಂಕಿಯಂತೆ" ಅನ್ನುತ್ತಿದ್ದೆ. ನಾರ್ಬ್ ಹಾರಿ ಅವನನ್ನು ಹಿಡಿಯುತ್ತಿದ್ದ. ಒಳ್ಳೆಯವನು ನನಗೆ ಉಳಿಯುತ್ತಿದ್ದ.

ಈ ಸಲದ ಡ್ರಾಫ್ಟೂ ಎಂದಿನಂತೆ ಅತ್ತೆಯ ಮನೆಯ ನೆಲಮಾಳಿಗೆಯಲ್ಲೇ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಅದರಲ್ಲಿ ಒಬ್ಬೊಬ್ಬರಿಗೂ ಒಂದು ಸಾಲು. ಆಟಗಾರರ ಹೆಸರು ಅಚ್ಚಾದ ಚೀಟಿಗಳನ್ನು ಸುಲಿದು ತಮ್ಮ ಸಾಲಿನಲ್ಲಿ ಅಂಟಿಸಬೇಕು. ಒಮ್ಮೆ ಅಂಟಿಸಿದರೆ ಮುಗಿಯಿತು, ಕೀಳುವ ಹಾಗಿಲ್ಲ; ಮುಂದೆ ಇಬ್ಬರು ಒಪ್ಪಿ ಅದಲುಬದಲು ಮಾಡಿಕೊಂಡರೆ ಆ ಮಾತು ಬೇರೆ. ಇದು ಚೆಸ್ಟರ್ ಮಾಡಿದ ಕಾನೂನು.

ನಾರ್ಬನ ಕಣ್ಣು ಈ ಸಲ ನಮ್ಮವರ ಹೊಸ ಓಟಗಾರ ಡಾರ್ನೆಲ್ ಪ್ರೂಯಿಟ್ ಮೇಲಿತ್ತು. ಬೇಸಿಗೆಯಿಡೀ ಅವನ ಗುಣಗಾನ ಬೇಲಿಯಾಚೆಯಿಂದ ನನ್ನ ಕಿವಿಗೆ ಬೀಳುತ್ತಿತ್ತು. ನಾರ್ಬನ ಸರದಿ ಬಂತು. ಎದ್ದ. ಕನ್ನಡಕ ಹಣೆಯ ಮೇಲಿತ್ತು. ಸರಿಯಾಗಿ ಆ ಹೊತ್ತಿಗೆ ವಾಂಡಾ ಅತ್ತೆ ಮೆಟ್ಟಿಲಿಳಿದು ಬಂದಳು, ಕೈಯಲ್ಲಿ ಬಿಸಿಬಿಸಿ ಕೋಳಿರೆಕ್ಕೆಯ ತಟ್ಟೆ. ನಾರ್ಬನ ಮೂಗಿನ ಕೆಳಗೇ ಅದನ್ನು ದಾಟಿಸಿಕೊಂಡು ಹೋಗಿ ಡೆಸ್ಮಂಡನ ಮುಂದಿಟ್ಟು, "ನೀನು ಮೊದ್ಲು ತಿನ್ನಪ್ಪ ಡೆಸ್ಮಂಡ್, ಬೆಳಗಿಂದ ಜನರ ಬಾಯಲ್ಲಿ ಕೈಹಾಕಿ ದಣಿದಿದೀಯ" ಅಂದಳು.

ನಾರ್ಬನ ಕಣ್ಣು ತಟ್ಟೆಯ ಮೇಲೆ, ಕೈ ಚೀಟಿಯ ಮೇಲೆ. 'ಡಿ. ಪ್ರೂಯಿಟ್' ಎಂದಿದ್ದುದನ್ನು ಸರ್ರನೆ ಸುಲಿದು ಹಾಳೆಗೆ ಫಟ್ ಎಂದು ಬಡಿದ. ಬಡಿತದಲ್ಲಿ ರೆಕ್ಕೆಯ ಸಿಟ್ಟೂ ಇತ್ತು.

ಡೆಸ್ಮಂಡ್ ಬಾಯಿಗೆ ಹೋಗುತ್ತಿದ್ದ ರೆಕ್ಕೆಯನ್ನು ಕೆಳಗಿಟ್ಟ.

"ನಾರ್ಬ್," ಅಂದ ಡೆಸ್ಮಂಡ್, "ಡೆವಿನ್ ಪ್ರೂಯಿಟ್? ನಮ್ಮ ಬಾಸ್ಟನ್‌ನ ಡೆವಿನ್? ಅವನನ್ನ ನಾನು ಈಗ ತಗೊಳ್ಳೋನಿದ್ದೆ ಮಾರಾಯ!"

ನಾರ್ಬ್ ಕನ್ನಡಕ ಇಳಿಸಿ ನೋಡಿದ. ಚೀಟಿಯ ಮೂಲೆಯಲ್ಲಿ ಬಾಸ್ಟನ್ ತಂಡದ ಗುರುತು. ಪ್ರೂಯಿಟ್‌ಗಳು ಇಬ್ಬರು. ದೇವರು ಇಬ್ಬರಿಗೂ ಡಿ ಅಕ್ಷರವನ್ನೇ ಕೊಟ್ಟಿದ್ದ.

"ಅಯ್ಯೋ, ತಪ್ಪಾಯ್ತು" ಎನ್ನಲು ನಾರ್ಬ್ ಬಾಯಿ ತೆರೆದದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಅವನ ದೃಷ್ಟಿ ಡೆಸ್ಮಂಡನ ಮುಖದ ಮೇಲೆ ಬಿತ್ತು. ಆ ಮುಖದಲ್ಲಿ ಹೊಟ್ಟೆಕಿಚ್ಚು! ಅಪ್ಪಟ, ಕಲಬೆರಕೆಯಿಲ್ಲದ ಹೊಟ್ಟೆಕಿಚ್ಚು! ತಾನು ಇಷ್ಟು ವರ್ಷ ಉಂಡದ್ದನ್ನು ಷಡ್ಡಕ ಮೊದಲ ಸಲ ಬಾಯಿಗೆ ಹಾಕಿಕೊಂಡದ್ದು ಕಂಡು ನಾರ್ಬನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ತೆರೆದ ಬಾಯಿಂದ ಬೇರೆಯೇ ಮಾತು ಬಂತು.

"ಆಟ ಅಂದ್ರೆ ಆಟ," ಅಂದ. "ಇದರಲ್ಲಿ ಊರೇನು, ಕೇರಿಯೇನು? ನಿಮಗೆಲ್ಲ ಅದು ಅರ್ಥವಾಗಲ್ಲ."

ಡೆಸ್ಮಂಡ್ ಸುಮ್ಮನಿರಲಿಲ್ಲ. ತನ್ನ ಸರದಿಯಲ್ಲಿ ಎದ್ದು ನಮ್ಮ ಡಾರ್ನೆಲ್ ಪ್ರೂಯಿಟ್‌ನ ಚೀಟಿ ಸುಲಿದು, ನಯವಾಗಿ, ಹಲ್ಲಿಗೆ ಟೋಪಿ ಕೂರಿಸುವವನಂತೆ, ತನ್ನ ಸಾಲಿಗೆ ಒತ್ತಿದ. ನಾರ್ಬನ ಎದೆಯಲ್ಲಿ ಏನೋ ಮುರಿದದ್ದು ನನಗೆ ಕೇಳಿಸಿತು. ಆದರೆ ಆಡಿದ ಮಾತಿಗೆ ಕಟ್ಟುಬಿದ್ದ ಮನುಷ್ಯ. ಅವತ್ತು ಉಳಿದ ಸರದಿಗಳಲ್ಲೆಲ್ಲ ಎದೆ ಸೆಟೆಸಿಕೊಂಡು ಪರವೂರಿನವರನ್ನೇ ಆರಿಸಿದ. ಅವರ ಹೆಸರುಗಳೇ ಅವನಿಗೆ ಗೊತ್ತಿರಲಿಲ್ಲ. ನಾನು ಎಂದಿನಂತೆ ಕಾರ್ಮೈನನ ಕಿವಿಯಲ್ಲಿ ನಮ್ಮವರ ಹುಡುಗನೊಬ್ಬನ ಸ್ತುತಿ ಮಾಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ ಆ ಹುಡುಗ ನನಗೇ ಗಂಟುಬಿದ್ದ.

ಮರುದಿನ ಮಧ್ಯಾಹ್ನದೊಳಗೆ ನಮ್ಮೂರು ಚೀಕ್ಟವಾಗ ಪೂರ್ತಿ ಸುದ್ದಿ. ಕಾರ್ಮೈನನ ಕ್ಷೌರದಂಗಡಿಯಲ್ಲಿ ಕತ್ತರಿಗಿಂತ ನಾಲಿಗೆ ಚುರುಕು.

"ನಾರ್ಬ್ ನಮ್ಮ ಹುಡುಗನನ್ನ ಬಿಟ್ಟು ಬಾಸ್ಟನ್‌ನವನನ್ನ ಇಟ್ಕೊಂಡಿದಾನೆ," ಎಂದು ಕಾರ್ಮೈನ್ ಕುರ್ಚಿಯಲ್ಲಿದ್ದವನಿಗೆ ಹೇಳಿದ. ಕುರ್ಚಿಯಲ್ಲಿದ್ದವನು ಬ್ರೆಡ್ಡಿನ ಅಂಗಡಿಯ ಮಜುರೆಕ್ ಅಮ್ಮನ ಅಳಿಯ. ಅವನು ಹೋಗಿ ಅದನ್ನು ಆ ಮುದುಕಿಗೆ ಹೇಳಿದ. ಆಕೆಗೆ ಎಡಗಿವಿ ಪೂರ್ತಿ ಮಂದ, ಬಲಗಿವಿ ಅರ್ಧ. ಅರ್ಧ ಕಿವಿಗೆ 'ನವನನ್ನ' ಎಂದದ್ದು 'ನವಳನ್ನ' ಎಂದು ಕೇಳಿಸಿತು. ಒಂದೇ ಒಂದು ಅಕ್ಷರ. ಆದರೆ ಸಂಸಾರಗಳು ನಿಂತಿರುವುದೇ ಇಂಥ ಅಕ್ಷರಗಳ ಮೇಲೆ.

"ಬಾಸ್ಟನ್‌ನವಳನ್ನ ಇಟ್ಕೊಂಡಿದಾನಾ! ಆ ಡೋರೀನ್ ಅಂಥ ಚಿನ್ನದಂಥ ಹೆಣ್ಣಿದ್ದೂ!"

ಅಲ್ಲಿಂದಾಚೆಗೆ ಊರಲ್ಲಿ ಎರಡು ಪಕ್ಷ. ಗಂಡಸರಿಗೆ ನಾರ್ಬ್ ದ್ರೋಹಿ, ಹೆಂಗಸರಿಗೆ ನಾರ್ಬ್ ಲಂಪಟ. ಎರಡೂ ಪಕ್ಷಗಳು ಒಂದೇ ಮಾತನಾಡಿ ಬೇರೆಬೇರೆ ಅರ್ಥ ಮಾಡಿಕೊಳ್ಳುತ್ತಿದ್ದವು.

"ಎಷ್ಟು ದಿನದಿಂದಲೋ ಇದು?" ಎಂದು ಮಜುರೆಕ್ ಅಮ್ಮ ನಾರ್ಬನಿಗೆ ನಿನ್ನೆಯ ಬ್ರೆಡ್ಡು ಸುತ್ತಿಕೊಡುತ್ತ ಕೇಳಿದಳು.

"ಡ್ರಾಫ್ಟ್ ದಿನದಿಂದ," ಎಂದ ನಾರ್ಬ್ ತಲೆ ತಗ್ಗಿಸಿ.

"ವಾಂಡಾಗೆ ಗೊತ್ತಾ?"

"ಅವರ ಮನೇಲೇ ಅಲ್ವಾ ಆದದ್ದು. ಎಲ್ಲರೂ ನೋಡ್ತಾನೇ ಇದ್ರು."

ಮಜುರೆಕ್ ಅಮ್ಮ ಶಿಲುಬೆಯ ಗುರುತು ಮಾಡಿಕೊಂಡಳು. "ನೋಡೋದಕ್ಕೆ ಹೇಗಿದೆಯೋ ಅದು?"

"ಗಟ್ಟಿಮುಟ್ಟು," ಎಂದ ನಾರ್ಬ್. "ತೊಡೆ ಒಂದೊಂದೂ ಮರದ ದಿಮ್ಮಿ ಇದ್ದಂಗೆ. ಇಬ್ಬರು ಮೂವರು ಮೈಮೇಲೆ ಬಿದ್ರೂ ಬಗ್ಗಲ್ಲ."

ಬ್ರೆಡ್ಡಿನ ಪೊಟ್ಟಣ ಆಕೆಯ ಕೈಯಿಂದ ಜಾರಿಬಿತ್ತು.

ಮರುವಾರ ಕಾರು ಕಲಿಯಲು ಬರುತ್ತಿದ್ದ ಇಬ್ಬರು ಹುಡುಗಿಯರ ತಾಯಂದಿರು ಬೇರೆ ಮೇಷ್ಟ್ರನ್ನು ನೋಡಿಕೊಂಡರು. ನಾರ್ಬನಿಗೆ ಇದೆಲ್ಲ ಡಾರ್ನೆಲ್‌ನನ್ನು ಬಿಟ್ಟುಕೊಟ್ಟ ಪಾಪದ ಫಲವೆಂದೇ ಅನಿಸಿತು. "ನೋಡು ಹ್ಯಾಂಕ್," ಎಂದು ಬೇಲಿಯ ಬಳಿ ನಿಂತು ನನಗೆ ಹೇಳಿದ, "ನಮ್ಮೂರಿನ ತಾಯಂದಿರಿಗೆ ಎಂಥ ತಂಡಾಭಿಮಾನ!"

ಇತ್ತ ಡೆಸ್ಮಂಡನ ಭಾಗ್ಯ ಏರಿತು. ನಮ್ಮ ಡಾರ್ನೆಲ್ ಓಡಿದಷ್ಟೂ ಡೆಸ್ಮಂಡನಿಗೆ ಅಂಕ. ಅವನು ಹೋಗಿ ನಮ್ಮವರ ಅಂಗಿ ಕೊಂಡು, ಬೆನ್ನಿನ ಮೇಲೆ 'ಪ್ರೂಯಿಟ್' ಎಂದು ಬರೆದದ್ದನ್ನೇ ತೊಟ್ಟು ಊರಲ್ಲಿ ತಿರುಗಿದ. ಬಾಸ್ಟನ್‌ನಲ್ಲಿ ಹುಟ್ಟಿದವನು ನಮ್ಮ ಹುಡುಗನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದಾನೆ ಎಂದು ಊರಿಗೆ ಊರೇ ಕರಗಿಹೋಯಿತು. ಕಾರ್ಮೈನ್ ಪುಕ್ಕಟೆ ಗಡ್ಡ ಕೆರೆದ. ಮಜುರೆಕ್ ಅಮ್ಮ ಒಲೆಯಿಂದ ಇಳಿದ ಹೊಸ ಬ್ರೆಡ್ಡನ್ನು ಅವನಿಗೆ ಎತ್ತಿಟ್ಟಳು. ವಾಂಡಾ ಅತ್ತೆ ಭಾನುವಾರ ಅವನ ಕೆನ್ನೆ ಹಿಂಡಿ, ಅವನೇ ಕಟ್ಟಿಕೊಟ್ಟ ಹಲ್ಲು ಬಿಟ್ಟು, "ಇವನು ನಮ್ಮೂರ ಹುಡುಗ" ಅಂದಳು. ಇಪ್ಪತ್ತು ವರ್ಷದ ಹಳೆಯ, ಕಂಕುಳಲ್ಲಿ ಹರಿದ ನಮ್ಮವರ ಅಂಗಿ ತೊಟ್ಟು ಮೂಲೆಯಲ್ಲಿ ಕೂತಿದ್ದ ನಾರ್ಬನ ಕಡೆ ಒಬ್ಬರೂ ತಿರುಗಲಿಲ್ಲ. ಪಿರೋಗಿ ಅವನ ತನಕ ಬರುವಷ್ಟರಲ್ಲಿ ತಟ್ಟೆಯಲ್ಲಿ ಈರುಳ್ಳಿ ಮಾತ್ರ ಉಳಿದಿತ್ತು.

ವಿಚಿತ್ರವೆಂದರೆ ನಾರ್ಬ್ ಗೆಲ್ಲುತ್ತಿದ್ದ. ಬಾಸ್ಟನ್‌ನ ಡೆವಿನ್ ಹುಚ್ಚು ಕುದುರೆಯಂತೆ ಓಡುತ್ತಿದ್ದ. ಹೆಸರು ಗೊತ್ತಿಲ್ಲದೆ ಆರಿಸಿದ ಉಳಿದ ಪರವೂರಿನವರೂ ತಮ್ಮ ಕೆಲಸ ತಾವು ಮಾಡುತ್ತಿದ್ದರು. ವಾರ ವಾರ ಒಬ್ಬೊಬ್ಬರನ್ನು ಮಣಿಸುತ್ತ ನಾರ್ಬ್ ಮೇಲೇರಿದ. ನನ್ನನ್ನೂ ಮಣಿಸಿದ. ನಾನೇನೂ ಬೇಸರ ಮಾಡಿಕೊಳ್ಳಲಿಲ್ಲ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ, ಅಷ್ಟೆ.

ಆದರೆ ಬಾಸ್ಟನ್‌ನವರ ಆಟವನ್ನು ನಡುಮನೆಯ ಟಿವಿಯಲ್ಲಿ ಹಾಕಿ ನೋಡುವುದೆಂದರೆ ಚರ್ಚಿನಲ್ಲಿ ಇಸ್ಪೀಟು ಹರಡಿದಂತೆ. ಹಾಗಾಗಿ ನಾರ್ಬ್ ಕಾರಿನ ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು, ಫೋನನ್ನು ಹೊಟ್ಟೆಯ ಮೇಲಿಟ್ಟು, ಕದ್ದು ನೋಡುತ್ತಿದ್ದ. ಡ್ರಾಫ್ಟಿನಲ್ಲಿ ತಾನು ಯಾರನ್ನು ಆರಿಸಿದೆನೆಂದು ಅವನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಒಂದು ಭಾನುವಾರ ಡೋರೀನ್ ಒಗೆಯುವ ಪುಡಿ ತರಲು ಶೆಡ್ಡಿಗೆ ಹೋದಳು. ಒಳಗಿಂದ ಗಂಡನ ಪಿಸುಮಾತು:

"ಇನ್ನೊಂದ್ಸಲ ಡೆವಿನ್... ಇನ್ನೊಂದೇ ಒಂದ್ಸಲ, ನನ್ನ ಚಿನ್ನ... ಹಾಂ, ಹಾಗೇ... ಅಯ್ಯೋ, ಎಷ್ಟು ಚೆನ್ನಾಗಿ..."

ಅಷ್ಟು ದಿನ ಬ್ರೆಡ್ಡಿನ ಅಂಗಡಿಯಲ್ಲಿ ಹೆಂಗಸರು ತನ್ನನ್ನು ಕಂಡು "ಧೈರ್ಯವಾಗಿರಮ್ಮ" ಎನ್ನುತ್ತಿದ್ದುದಕ್ಕೆ ಅರ್ಥ ಡೋರೀನಳಿಗೆ ಆಗ ಹೊಳೆಯಿತು. ಬಾಗಿಲು ಒದ್ದಳು. ಅವಳ ಕೂಗು ನಮ್ಮ ಅಡುಗೆಮನೆಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಇನ್ನೂ ಸ್ಪಷ್ಟವಾಗಲೆಂದು ನಾನು ಕಿಟಕಿ ತೆರೆದೆ.

"ಯಾರ್ರೀ ಆ ಡೆವಿನ್?"

"ಡೋರೀನ್, ನಿಧಾನ..."

"ಬಾಸ್ಟನ್‌ನವಳಾ?"

"ಬಾಸ್ಟನ್ ಹೌದು, ಆದ್ರೆ..."

"ಮಜುರೆಕ್ ಅಮ್ಮ ಬಡ್ಕೊಂಡ್ರು, ನಂಗೇ ಅರ್ಥ ಆಗ್ಲಿಲ್ಲ! ತೋರಿಸಿ ಇಲ್ಲಿ ಅವಳ ಮುಖಾನ!"

ನಾರ್ಬ್ ಫೋನು ತಿರುಗಿಸಿ ತೋರಿಸಿರಬೇಕು. ಅದರಲ್ಲಿ ಗಡ್ಡ ಬಿಟ್ಟ, ನೂರು ಕಿಲೋ ತೂಕದ, ಕೆಸರು ಮೆತ್ತಿದ ಡೆವಿನ್ ಪ್ರೂಯಿಟ್. ಈಗ ಎಲ್ಲ ತಿಳಿಯಾಯಿತು ಎಂದುಕೊಂಡು ನಾನು ಕಿಟಕಿ ಮುಚ್ಚಲು ಹೋದೆ.

"ಬಾಸ್ಟನ್ ತಂಡದವನಾ?" ಡೋರೀನಳ ದನಿ ಇನ್ನೂ ಒಂದು ಮೆಟ್ಟಿಲು ಏರಿತು. "ನನ್ನ ಮನೆ ಶೆಡ್ಡಲ್ಲಿ ಕೂತು ಬಾಸ್ಟನ್‌ನವನಿಗೆ ಚಿನ್ನ ಅಂತೀರಾ? ಇದಕ್ಕಿಂತ ಯಾವಳಾದ್ರೂ ಹೆಂಗಸನ್ನೇ ಇಟ್ಕೊಂಡಿದ್ರೆ ಮರ್ಯಾದೆ ಉಳೀತಿತ್ತಲ್ರೀ! ನಮ್ಮ ಡಾರ್ನೆಲ್‌ನ ಆ ಡೆಸ್ಮಂಡ್ ಕೈಗೆ ಕೊಟ್ಟು! ಹೆತ್ತ ಮಗೂನ ಪಕ್ಕದ ಮನೆಗೆ ಕೊಟ್ಟು ನರಿ ಮರಿ ಸಾಕಿದ ಹಾಗೆ!"

ಅವತ್ತಿಂದ ನಾರ್ಬನ ಹಾಸಿಗೆ ಸೋಫಾಕ್ಕೆ ಬಂತು. "ಕೈತಪ್ಪಿ ಅಂಟಿಸಿದೆ" ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಹೇಳಲಿಲ್ಲ. ಡೋರೀನಳಿಗೆ ಹೇಳಿದರೆ ಜೊಆನಳಿಗೆ ಹೋಗುತ್ತದೆ, ಜೊಆನಳಿಂದ ಡೆಸ್ಮಂಡನಿಗೆ. ಡೆಸ್ಮಂಡ್ ಒಮ್ಮೆ ನಕ್ಕನೆಂದರೆ ಡ್ರಾಫ್ಟ್ ದಿನದ ಆ ಅಮೃತ ವಿಷವಾಗುತ್ತದೆ. ಹೆಂಡತಿಯ ಕೋಪ ತಡೆದುಕೊಳ್ಳಬಹುದು, ಷಡ್ಡಕನ ನಗು ಆಗುವುದಿಲ್ಲ.

ಆದರೆ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದು ಹೋಗುವ ಸ್ಥಿತಿ. ಶನಿವಾರ ಚರ್ಚಿಗೆ ಹೋಗಿ ಪಾಪನಿವೇದನೆಯ ಗೂಡಿನಲ್ಲಿ ಮಂಡಿಯೂರಿದ. ಇದನ್ನು ನನಗೆ ನಾರ್ಬನೇ ಆಮೇಲೆ ಹೇಳಿದ್ದು. ಫಾದರ್ ಝಿಗ್ಮಂಟ್ ಹೇಳಿದ್ದಲ್ಲ, ಅವರ ಮೇಲೆ ಯಾರೂ ತಪ್ಪು ಹೊರಿಸಬಾರದು.

"ಫಾದರ್, ಹೊಟ್ಟೆಕಿಚ್ಚು."

"ಡೆಸ್ಮಂಡ್ ಮೇಲೆ ತಾನೇ? ಅದು ಹಳೇದು. ಹೊಸದೇನಪ್ಪಾ?"

ನಾರ್ಬ್ ಎಲ್ಲ ಹೇಳಿದ. ಕನ್ನಡಕ, ರೆಕ್ಕೆ, ಇಬ್ಬರು ಪ್ರೂಯಿಟ್‌ಗಳು. ಜಾಲರಿಯ ಆಚೆ ಯಾರೋ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಕೆಮ್ಮಿದಂಥ ಸದ್ದು. ಫಾದರ್ ಝಿಗ್ಮಂಟ್ ಕೂಡ ನಮ್ಮ ಲೀಗಿನವರೇ ಎನ್ನುವುದನ್ನು ನಾನು ಇಲ್ಲಿಯ ತನಕ ಹೇಳಿಲ್ಲ. ಆ ವರ್ಷ ಅವರ ಓಟಗಾರರು ಇಬ್ಬರೂ ಕಾಲು ಮುರಿದುಕೊಂಡು ಮಲಗಿದ್ದರು.

"ಹಾಗಾದ್ರೆ," ಎಂದರು ಫಾದರ್, ದನಿ ತಗ್ಗಿಸಿ, "ಅವನು ನಿನಗೆ ಬೇಡವಾದವನು ಅಂತಾಯ್ತು. ಪಾಪದ ಮೂಲವನ್ನ ಹತ್ತಿರ ಇಟ್ಕೋಬಾರದು ಮಗು. ನನಗೆ ಕೊಟ್ಬಿಡು. ಬದಲಿಗೆ ನನ್ನ ಹತ್ರ ಚೆಂಡನ್ನ ಚೆನ್ನಾಗಿ ಒದೆಯೋನು ಒಬ್ಬನಿದಾನೆ."

"ಫಾದರ್! ಇದು ಪಾಪನಿವೇದನೆ!"

"ಹೌದು ಹೌದು, ಮರೆತೇಬಿಟ್ಟಿದ್ದೆ. ಪ್ರಾಯಶ್ಚಿತ್ತಕ್ಕೆ ಜಪಮಾಲೆ ಎರಡು ಸುತ್ತು." ಸ್ವಲ್ಪ ತಡೆದು, "ಅವನನ್ನ ಕೊಟ್ರೆ ಒಂದೇ ಸುತ್ತು."

ನಾರ್ಬ್ ಎರಡು ಸುತ್ತು ಜಪ ಮಾಡಿದ. ಡೆವಿನ್‌ನನ್ನು ಕೊಡಲಿಲ್ಲ. ಮರುದಿನದ ಪ್ರವಚನದಲ್ಲಿ ಫಾದರ್, ಕಣ್ಣಿದ್ದೂ ಕನ್ನಡಕ ಹಣೆಗೇರಿಸಿಕೊಂಡು ನಡೆಯುವವರ ಬಗ್ಗೆ ಮಾತು ಶುರುಮಾಡಿ, ಅರ್ಧದಲ್ಲೇ ನಗು ಬಂದು ನಿಲ್ಲಿಸಬೇಕಾಯಿತು. ಸಭೆಗೆ ಅದು ಭಕ್ತಿಯ ಗದ್ಗದದಂತೆ ಕಂಡಿತು.

ಹೀಗೇ ಡಿಸೆಂಬರ್ ಬಂತು. ಲೀಗಿನ ಕೊನೆಯ ಹಣಾಹಣಿಗೆ ಉಳಿದವರು ಇಬ್ಬರು, ನಾರ್ಬ್ ಮತ್ತು ಡೆಸ್ಮಂಡ್. ಅದೇ ಭಾನುವಾರ ನಮ್ಮವರಿಗೆ ಆಟ ಇದ್ದದ್ದು ಬಾಸ್ಟನ್‌ನವರ ಜೊತೆಗೆ. ನಮ್ಮವರು ಗೆದ್ದರೆ ಮುಂದಿನ ಸುತ್ತು, ಸೋತರೆ ಈ ವರ್ಷಕ್ಕೆ ಮುಗಿಯಿತು.

ಸರೋವರದ ಕಡೆಯಿಂದ ಹಿಮ ಬೀಸುತ್ತಿತ್ತು. ಮಧ್ಯಾಹ್ನ ವಾಂಡಾ ಅತ್ತೆಯ ನಡುಮನೆಯಲ್ಲಿ ಎಲ್ಲರೂ ಸೇರಿದೆವು. ಡೆಸ್ಮಂಡ್ ಹಸಿರು ಕುರ್ಚಿಯಲ್ಲಿ ಕಾಲು ಚಾಚಿ, ಡಾರ್ನೆಲ್‌ನ ಅಂಗಿ ತೊಟ್ಟು, ಮಡಿಲಲ್ಲಿ ಮೊದಲ ತಟ್ಟೆ. ಡೋರೀನ್ ಗಂಡನಿಗೆ ಬೆನ್ನು ಹಾಕಿ ಕೂತಿದ್ದಳು. ನಾರ್ಬ್ ಬಾಗಿಲ ಹತ್ತಿರ, ಎಲ್ಲರ ಬೂಟುಗಳ ಪಕ್ಕದ ಮಡಿಸುವ ಕುರ್ಚಿಯಲ್ಲಿ. ಅವನ ಪಕ್ಕ ನಾನು, ಇನ್ನೊಂದು ಪಕ್ಕ ಫಾದರ್.

ಡಾರ್ನೆಲ್ ಓಡಿ ಗೆರೆ ದಾಟಿದ. ಮನೆ ಹಾರಿಬಿತ್ತು. ಡೆಸ್ಮಂಡ್ ಎಲ್ಲರಿಗಿಂತ ಜೋರಾಗಿ ಕೂಗಿದ. ಅತ್ತೆ ಹೋಗಿ ಅವನ ತಲೆ ತಬ್ಬಿಕೊಂಡಳು. ನಾರ್ಬನ ಮುಖ ನೋಡಿದೆ. ಅದರಲ್ಲಿ ಸಂತೋಷ ಮೇಲೆ ಬರಲು ಒದ್ದಾಡುತ್ತಿತ್ತು, ಹೊಟ್ಟೆಕಿಚ್ಚು ಅದರ ಕಾಲು ಹಿಡಿದು ಎಳೆಯುತ್ತಿತ್ತು. ಬೇಸಿಗೆಯಿಡೀ ಕಾದು ಕನಸು ಕಂಡ ಹುಡುಗ ತನ್ನ ಕಣ್ಣೆದುರೇ ಷಡ್ಡಕನ ಮಡಿಲು ತುಂಬುತ್ತಿದ್ದ.

"ನಂದು ಅದು," ಎಂದು ಹಲ್ಲು ಕಚ್ಚಿದ. "ಆ ಖುಷಿ ನಂದು ಹ್ಯಾಂಕ್. ನನ್ನ ಖುಷೀನ ಅವನು ಪಡ್ತಿದಾನೆ."

ಆಮೇಲೆ ಡೆವಿನ್ ಓಡಿದ. ಮನೆಯೆಲ್ಲ ಶಾಪ ಹಾಕಿತು. ನಾರ್ಬ್ ತುಟಿ ಕಚ್ಚಿ ಬೂಟುಗಳನ್ನು ನೋಡುತ್ತ ಕೂತ. ಒಬ್ಬ ಓಡಿದರೆ ಇನ್ನೊಬ್ಬ, ಹೀಗೆ ಹೊತ್ತು ಹೋಯಿತು. ಕೊನೆಗೆ ಒಂದೇ ಒಂದು ಓಟಕ್ಕೆ ವೇಳೆ ಉಳಿಯಿತು. ನಮ್ಮವರು ನಾಲ್ಕು ಅಂಕ ಮುಂದೆ. ಚೆಂಡು ಬಾಸ್ಟನ್‌ನವರ ಕೈಯಲ್ಲಿ. ನಾರ್ಬ್ ನಮ್ಮ ಲೀಗಿನಲ್ಲಿ ಡೆಸ್ಮಂಡನಿಗಿಂತ ಚೂರು ಹಿಂದೆ. ಡೆವಿನ್ ಗೆರೆ ದಾಟಿದರೆ ನಮ್ಮವರು ಸೋಲುತ್ತಾರೆ, ನಾರ್ಬನಿಗೆ ಕುರ್ಚಿ. ಡೆವಿನ್ ಬಿದ್ದರೆ ನಮ್ಮವರಿಗೆ ಗೆಲುವು, ಡೆಸ್ಮಂಡ್ ನಾಲ್ಕನೇ ವರ್ಷವೂ ಅಲ್ಲೇ.

ಲೆಕ್ಕ ಎಲ್ಲರಿಗೂ ಹೊಳೆಯಿತು. ಒಬ್ಬೊಬ್ಬರಾಗಿ ಟಿವಿ ಬಿಟ್ಟು ನಾರ್ಬನತ್ತ ತಿರುಗಿದರು. ಡೋರೀನ್ ಕೂಡ ತಿರುಗಿದಳು, ಎಷ್ಟೋ ವಾರಗಳ ಮೇಲೆ ಮೊದಲ ಸಲ.

"ಈಗ ಗೊತ್ತಾಗತ್ತೆ," ಎಂದಳು ವಾಂಡಾ ಅತ್ತೆ, "ಈ ಮನೇಲಿ ಯಾರು ಯಾರವರು ಅಂತ."

ಚೆಂಡು ಡೆವಿನ್ ಕೈಗೆ ಬಂತು. ಒಬ್ಬನನ್ನು ತಪ್ಪಿಸಿಕೊಂಡ. ಇನ್ನೊಬ್ಬನನ್ನು ಕೊಡವಿದ. ಎದುರಿಗೆ ಬಯಲು. ಅಷ್ಟರಲ್ಲಿ ಬಾಗಿಲ ಬಳಿಯ ಮಡಿಸುವ ಕುರ್ಚಿ ದಡಾರೆಂದು ಮಡಚಿಕೊಂಡು ಬಿತ್ತು. ನಾರ್ಬ್ ಎದ್ದು ನಿಂತಿದ್ದ. ಎರಡೂ ಕೈ ಮೇಲೆತ್ತಿ, ಕತ್ತಿನ ನರ ಉಬ್ಬಿಸಿ, ಕಿಟಕಿಯ ಗಾಜು ಅದುರುವಂತೆ ಕೂಗಿದ:

"ಹಿಡೀರೋ ಅವನ್ನ! ಬೀಳ್ಸಿ! ಕಾಲು ಹಿಡೀರೋ, ದರಿದ್ರದವರಾ, ಬಿಡಬೇಡಿ!"

ಅದೇ ಕ್ಷಣ ಹಸಿರು ಕುರ್ಚಿಯಿಂದ ಇನ್ನೊಂದು ಕೂಗು. ಡೆಸ್ಮಂಡ್ ಮೊದಲ ತಟ್ಟೆಯನ್ನು ಗಾಳಿಗೆ ಎಸೆದು, ಡಾರ್ನೆಲ್‌ನ ಅಂಗಿಯಲ್ಲೇ ಕುಣಿಯುತ್ತಿದ್ದ.

"ಓಡೋ ಡೆವಿನ್! ಓಡೋ ನನ್ನಪ್ಪಾ! ಬಾಸ್ಟನ್! ಬಾಸ್ಟನ್!"

ಕುರ್ಚಿ ಬೇಕಾದವನು ಕುರ್ಚಿ ತಪ್ಪಲೆಂದು ಬೊಬ್ಬೆ ಹಾಕುತ್ತಿದ್ದ, ಕುರ್ಚಿಯಲ್ಲಿದ್ದವನು ಕುರ್ಚಿ ಹೋಗಲೆಂದು. ಹುಟ್ಟೂರು ಒಳಗಿಂದ ಎದ್ದು ಇಬ್ಬರ ಬಾಯಿಯನ್ನೂ ತನ್ನದು ಮಾಡಿಕೊಂಡಿತ್ತು.

ಡೆವಿನ್ ಯಾರ ಮಾತು ಕೇಳಿದನೋ ಗೊತ್ತಿಲ್ಲ. ಗೆರೆ ದಾಟಿದ.

ಮನೆಯಲ್ಲಿ ಸೂತಕ. ಪಿರೋಗಿಯೊಂದು ದೀಪದ ಮೇಲಿಂದ ನಿಧಾನವಾಗಿ ಜಾರಿ ಕೆಳಗೆ ಬಿತ್ತು. ನಾರ್ಬ್ ಅಳುತ್ತಿದ್ದ. ಲೀಗ್ ಗೆದ್ದವನು, ಹರಿದ ಅಂಗಿಯ ತೋಳಿನಿಂದ ಮೂಗೊರೆಸಿಕೊಳ್ಳುತ್ತ ಮಗುವಿನಂತೆ ಅಳುತ್ತಿದ್ದ. ಡೋರೀನ್ ಬಂದು ಅವನ ತಲೆ ನೇವರಿಸಿದಳು. "ಹೋಗ್ಲಿ ಬಿಡ್ರೀ," ಎಂದಳು. "ನೀವು ನಮ್ಮವರೇ." ಅವಳ ಕಣ್ಣಲ್ಲೂ ನೀರು, ಆದರೆ ಅದು ತಂಡಕ್ಕಾಗಿ.

ವಾಂಡಾ ಅತ್ತೆ ಡೆಸ್ಮಂಡನ ಮುಂದೆ ಹೋಗಿ ನಿಂತಳು.

"ಏನಂದೆ ಈಗ? ಇನ್ನೊಂದ್ಸಲ ಹೇಳು."

"ಅಮ್ಮ, ಬಾಯಿತಪ್ಪಿ..."

"ನನ್ನ ಹಲ್ಲು ಕಟ್ಟಿಕೊಟ್ಟಿದ್ದಕ್ಕೆ ಇವತ್ತು ನಿನ್ನನ್ನ ಕಚ್ಚದೆ ಬಿಟ್ಟಿದೀನಿ. ಏಳು. ಆ ಅಂಗಿ ಬಿಚ್ಚಿಟ್ಟು ಹೋಗಿ ಹೊರಗಿನ ಹಿಮ ಗೋರು."

ಡೆಸ್ಮಂಡ್ ಎದ್ದ. ಶಿಕ್ಷೆಯಾದವನ ಮುಖವೇ ಅಲ್ಲ ಅದು, ಕೆನ್ನೆ ಕೆಂಪಾಗಿ ಹೊಳೆಯುತ್ತಿತ್ತು. ಗೋರುವ ಸನಿಕೆ ಹಿಡಿದು, ಬಾಸ್ಟನ್‌ನವರ ಹಾಡೊಂದನ್ನು ಗುನುಗುತ್ತ ಹೊರಗೆ ಹೋದ. ನಾರ್ಬ್ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದ.

"ನೋಡು ಹ್ಯಾಂಕ್, ಎಷ್ಟು ಖುಷಿಯಾಗಿದಾನೆ," ಎಂದ. "ಸೋತಿದಾನೆ, ಆದ್ರೂ ಖುಷಿ. ಆ ಅದೃಷ್ಟ ನಂಗ್ಯಾಕಿಲ್ಲ?"

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ನಿಯಮದಂತೆ ನಾರ್ಬನ ಕೈ ಹಿಡಿದು ಹಸಿರು ಕುರ್ಚಿಯ ಬಳಿ ಕರೆತಂದಳು. ಉಳಿದವರೆಲ್ಲ ಅಡುಗೆಮನೆಯಲ್ಲಿ ನಮ್ಮವರ ಸೋಲಿನ ಶವಪರೀಕ್ಷೆ ಮಾಡುತ್ತಿದ್ದರು. ನಡುಮನೆಯಲ್ಲಿ ಇದ್ದವರು ನಾನು, ನಾರ್ಬ್, ಮತ್ತು ಹಿಮ ಗೋರಿ ಬೂಟು ಕೊಡವಿಕೊಳ್ಳುತ್ತಿದ್ದ ಡೆಸ್ಮಂಡ್. ಅತ್ತೆ ಹೊಸ ತಟ್ಟೆ ತರಲು ಒಳಗೆ ಹೋದಳು. ನಾರ್ಬ್ ಅಂಗಿ ಸರಿಪಡಿಸಿಕೊಂಡು, ಮಾವನಿಗೆ ಮನಸ್ಸಿನಲ್ಲೇ ನಮಸ್ಕಾರ ಹೇಳಿ, ಘನತೆಯಿಂದ ಕೂತ.

ಮರುಕ್ಷಣ ಅವನ ಹುಬ್ಬು ಹಣೆಗೆ ಏರಿತು. ಎಡಕ್ಕೆ ಸರಿದ. ಬಲಕ್ಕೆ ಸರಿದ.

"ಇದೇನಿದು, ಚುಚ್ತಿದೆ!"

"ಸ್ಪ್ರಿಂಗು," ಎಂದ ಡೆಸ್ಮಂಡ್ ಸಮಾಧಾನವಾಗಿ. "ಮಾವನ ಕಾಲದಿಂದಲೂ ಕಿತ್ತುಹೋಗಿದೆ."

"ಮೂರು ವರ್ಷ ಇದರ ಮೇಲೆ ಕೂತು ನಗ್ತಿದ್ಯಲ್ಲೋ! ಹೇಗೋ ತಡ್ಕೊಂಡೆ?"

"ನೀನು ಎದುರಿಗೆ ಕೂತು ಹೊಟ್ಟೆ ಉರ್ಕೋತಿದ್ಯಲ್ಲ ನಾರ್ಬ್," ಎಂದ ಡೆಸ್ಮಂಡ್, "ಅದನ್ನ ನೋಡ್ತಾ ಇದ್ರೆ ಚುಚ್ಚೋದೇ ಗೊತ್ತಾಗ್ತಿರಲಿಲ್ಲ."

ಹೇಳಿ, ಸಿಳ್ಳೆ ಹಾಕುತ್ತ ಅಡುಗೆಮನೆಗೆ ಹೋಗಿಬಿಟ್ಟ. ನಾರ್ಬ್ ಕುರ್ಚಿಯ ತೋಳು ಬಿಗಿಯಾಗಿ ಹಿಡಿದು ನಡುಮನೆಯ ಸುತ್ತ ಕಣ್ಣಾಡಿಸಿದ. ತನ್ನನ್ನು ಕಂಡು ಉರಿಯುವವರು ಒಬ್ಬರಾದರೂ ಸಿಗಬಹುದೇ ಎಂದು ಆ ಕಣ್ಣು ಹುಡುಕುತ್ತಿತ್ತು. ನಾನೊಬ್ಬನೇ ಇದ್ದೆ. ಇಷ್ಟು ವರ್ಷದ ನೆರೆಹೊರೆ, ಇಂಥ ಹೊತ್ತಿನಲ್ಲಿ ಕೈಬಿಡುವುದು ಧರ್ಮವಲ್ಲ ಎನಿಸಿತು. ಮುಖ ಸಿಂಡರಿಸಿ, ತುಟಿ ಕೊಂಕಿಸಿ, ಕುರ್ಚಿಯನ್ನೊಮ್ಮೆ ಆಸೆಯಿಂದ ನೋಡಿ, ಒಂದು ನಿಟ್ಟುಸಿರು ಬಿಟ್ಟೆ.

"ನಿನ್ನ ಪುಣ್ಯ ಕಣಯ್ಯ," ಎಂದೆ.

ನಾರ್ಬನ ಮುಖ ಅರಳಿತು. ಬೆನ್ನು ನೆಟ್ಟಗೆ ಮಾಡಿಕೊಂಡು, ಕಾಲ ಮೇಲೆ ಕಾಲು ಹಾಕಿ, ಇನ್ನೂ ಒಂದು ಅಂಗುಲ ಆಳವಾಗಿ ಕೂತ.